ಬಟಾಣಿ ಕಾಳಿನಷ್ಟು ಮುಲಾಮು

ಮೊಡವೆ ಹದಿನಾರಕ್ಕೆ ಬಂದು ಇಪ್ಪತ್ತಕ್ಕೆ ಹೋಗುತ್ತವೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನನಗೆ ಹೈಸ್ಕೂಲಿನಲ್ಲಿ ಓದುವಾಗ ಒಂದೂ ಬರಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿ ಮಕ್ಕಳಿಗೆ ಜೀವಕೋಶದ ಪಾಠ ಮಾಡುವ ವಯಸ್ಸಿಗೆ ಬಂದವು. ಕೆನ್ನೆಯ ಕೆಳಭಾಗ, ದವಡೆಯ ಅಂಚು, ಗದ್ದ. ಮುಟ್ಟಿನ ದಿನ ಹತ್ತಿರ ಬಂತೆಂದರೆ ಗದ್ದದೊಳಗೆ ಗಂಟಿನಂತೆ ಒಂದು ಏಳುತ್ತಿತ್ತು. ಮೇಲೆ ಕೀವೂ ಕಾಣದು, ಮೂತಿಯೂ ಕಾಣದು, ಬೆರಳು ತಾಗಿದರೆ ಮಾತ್ರ ಜೀವ ಹೋಗುವಷ್ಟು ನೋವು. ಅದು ಇಳಿದ ಮೇಲೆ ಕಂದು ಕಲೆ. ಆ ಕಲೆ ಮಾಸುವುದರೊಳಗೆ ಪಕ್ಕದಲ್ಲೇ ಇನ್ನೊಂದು ಹಾಜರು.

"ಉಷ್ಣ ಕಣೇ" ಎಂದರು ಅಮ್ಮ. "ಉಷ್ಣ ಆಗಿದೆ ಮೇಡಂ, ಎಳನೀರು ಕುಡೀರಿ" ಎಂದರು ಸ್ಟಾಫ್ ರೂಮಿನಲ್ಲಿ ಕನ್ನಡ ಮೇಷ್ಟ್ರು. ಚಳ್ಳಕೆರೆಯ ಬಿಸಿಲಿನಲ್ಲಿ ಉಷ್ಣ ಯಾರಿಗಿಲ್ಲ? ಕಾಮಕಸ್ತೂರಿ ಬೀಜ ನೆನೆಸಿ ಕುಡಿದದ್ದಾಯಿತು, ಜಾಯಿಕಾಯಿಯನ್ನು ಹಾಲಿನಲ್ಲಿ ತೇಯ್ದು ಹಚ್ಚಿದ್ದಾಯಿತು, ಮಂಡಕ್ಕಿ-ಮೆಣಸಿನಕಾಯಿ ಬಿಟ್ಟದ್ದೂ ಆಯಿತು. (ಕೊನೆಯದಕ್ಕೆ ಮಾತ್ರ ನಿಜವಾದ ತ್ಯಾಗ ಬೇಕಾಯಿತು.) ಜಾಯಿಕಾಯಿ ಒಣಗಿ ಮುಖ ಬಿಗಿದುಕೊಂಡಾಗ ಒಳಗೆ ಏನೋ ಕೆಲಸ ನಡೆಯುತ್ತಿದೆ ಅನ್ನಿಸುತ್ತಿತ್ತು. ತೊಳೆದ ಮೇಲೆ ನೋಡಿದರೆ ಎಲ್ಲ ಇದ್ದ ಹಾಗೇ.

ದೀಪಾವಳಿ ಕಳೆದ ಮೇಲೆ ನಿಶ್ಚಿತಾರ್ಥವಾಯಿತು, ಲಗ್ನ ಬೇಸಿಗೆ ರಜೆಗೆ ಗೊತ್ತಾಯಿತು. ನಿಶ್ಚಿತಾರ್ಥದ ಆಲ್ಬಮ್ಮಿನಲ್ಲಿ ಸ್ಟುಡಿಯೋದವರು ನನ್ನ ಗದ್ದವನ್ನು ಎಷ್ಟು ನುಣುಪು ಮಾಡಿದ್ದರೆಂದರೆ ಅದು ಬೇರೆ ಯಾರದೋ ಗದ್ದದ ಹಾಗಿತ್ತು. ಅದನ್ನು ನೋಡಿದ ಮೇಲೆ ಅಮ್ಮನೇ, "ದುರ್ಗಕ್ಕೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸ್ಕೊಂಡು ಬಾ" ಎಂದರು.

ಆ ಡಾಕ್ಟರಮ್ಮ ಮುಖದ ಮೇಲೆ ಲೈಟು ಬಿಡುವ ಮೊದಲೇ ಬೇರೆಲ್ಲ ಕೇಳಿದರು. ಮುಟ್ಟು ಸರಿಯಾಗಿ ಆಗುತ್ತಾ? ಗದ್ದದ ಮೇಲೆ ಒರಟು ಕೂದಲು ಬರ್ತಿದೆಯಾ? ತೂಕ ಏರಿದೆಯಾ? ಇವು ಪಿಸಿಓಎಸ್, ಅಂದರೆ ಹೆಂಗಸರಲ್ಲಿ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ, ಇದೆಯೇ ಎಂದು ತಿಳಿಯಲು ಕೇಳುವ ಪ್ರಶ್ನೆಗಳು. ಆಮೇಲೆ, "ಇಲ್ಲೀವರೆಗೆ ಯಾವ್ಯಾವ ಕ್ರೀಮ್ ಹಚ್ಚಿದ್ದೀರಿ? ಮೆಡಿಕಲ್ ಶಾಪಿನವರು ಕೊಟ್ಟಿದ್ದು ಏನಾದರೂ ಇದೆಯಾ?" ಎಂದು ಎರಡೆರಡು ಸಲ ಕೇಳಿದರು. ಜಾಯಿಕಾಯಿ ಎಂದೆ. ನಕ್ಕು, "ಪುಣ್ಯ" ಎಂದರು. ಯಾಕೆ ಪುಣ್ಯ ಎನ್ನುವುದು ಸಂಕ್ರಾಂತಿಯ ಹೊತ್ತಿಗೆ ಅರ್ಥವಾಯಿತು.

ಮದುವೆ ಯಾವಾಗ, ಮಕ್ಕಳು ಬೇಗ ಬೇಕೆಂದಿದ್ದೀರಾ ಎಂದೂ ಕೇಳಿದರು. ನಾನು ತಲೆ ತಗ್ಗಿಸಿದ್ದಕ್ಕೆ, "ನಾಚ್ಕೋಬೇಡಿ, ಔಷಧಿಗೋಸ್ಕರ ಕೇಳ್ತಿರೋದು" ಎಂದರು. ಕೊಡಲಿದ್ದದ್ದು ರೆಟಿನಾಯ್ಡ್, ವಿಟಮಿನ್ 'ಎ' ಬಳಗದ ಔಷಧಿ. ಈ ಬಳಗದ ಐಸೊಟ್ರೆಟಿನಾಯಿನ್ ಮಾತ್ರೆಯನ್ನು ಬಸುರಿಯಲ್ಲಿ ನುಂಗಿದರೆ ಮಗುವಿಗೆ ಅಂಗವಿಕಲತೆ ಬರಬಹುದೆಂಬುದು ಖಚಿತವಾಗಿ ತಿಳಿದಿರುವ ವಿಷಯ. ಹಚ್ಚುವ ಮುಲಾಮು ರಕ್ತಕ್ಕೆ ಸೇರುವುದು ತೀರಾ ಅಲ್ಪ. ಆದರೂ ಬಸುರಿಯರಿಗೆ, ಬಸುರಿಯಾಗಲು ಬಯಸುವವರಿಗೆ ಅದನ್ನೂ ಕೊಡುವುದಿಲ್ಲ.

ಕೊನೆಗೆ ಲೈಟು ಬಂತು. ಗದ್ದದ ಚರ್ಮವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನನ್ನ ಕೈಗೇ ಕನ್ನಡಿ ಕೊಟ್ಟರು. ಅಕ್ಕಿ ನುಚ್ಚಿಗಿಂತ ಸಣ್ಣ, ಚರ್ಮದ ಬಣ್ಣದವೇ ಆದ ಗಂಟುಗಳು ಸಾಲಾಗಿ ಕಂಡವು. ಹಿಗ್ಗಿಸದಿದ್ದರೆ ಕಾಣುತ್ತಲೇ ಇರಲಿಲ್ಲ. "ಈಗ ಕೆಂಪಗಿರೋ ಮೊಡವೆ ಹೋದ್ಸಲದ್ದು ಅಂದ್ಕೊಳ್ಳಿ. ನಾನು ಔಷಧಿ ಕೊಡೋದು ಇವಕ್ಕೆ. ಇವಕ್ಕಿಂತ ಚಿಕ್ಕವಿನ್ನೂ ಇದಾವೆ, ಅವು ನಂಗೂ ಕಾಣಲ್ಲ."

ಇಡೀ ಚಿಕಿತ್ಸೆಯಲ್ಲಿ ನಾನು ಕೇಳಿದ ಅತಿ ಮುಖ್ಯ ಮಾತು ಇದೇ. ಕೂದಲು ಹುಟ್ಟುವ ಪ್ರತಿ ರಂಧ್ರದ ಪಕ್ಕ ಒಂದು ಎಣ್ಣೆ ಗ್ರಂಥಿ ಇರುತ್ತದೆ. ರಂಧ್ರದ ಒಳಗೋಡೆಯ ಜೀವಕೋಶಗಳು ಸತ್ತು ಉದುರಿ ಎಣ್ಣೆಯ ಜೊತೆ ಹೊರಗೆ ಬರಬೇಕು. ಮೊಡವೆ ಬರುವವರಲ್ಲಿ ಅವು ಉದುರದೆ ಒಂದಕ್ಕೊಂದು ಅಂಟಿಕೊಂಡು ಬಿರಡೆಯಾಗುತ್ತವೆ. ಹಿಂದೆ ಎಣ್ಣೆ ತುಂಬುತ್ತದೆ. ಆ ಎಣ್ಣೆಯಲ್ಲಿ ಕ್ಯುಟಿಬ್ಯಾಕ್ಟೀರಿಯಂ ಆಕ್ನಿಸ್ ಎಂಬ, ಎಲ್ಲರ ಚರ್ಮದಲ್ಲೂ ಇರುವ ಬ್ಯಾಕ್ಟೀರಿಯಾ ಹೆಚ್ಚುತ್ತದೆ, ಉರಿಯೂತ ಶುರುವಾಗುತ್ತದೆ. ಕಣ್ಣಿಗೆ ಕಾಣದ ಬಿರಡೆ ಕನ್ನಡಿಯಲ್ಲಿ ಕಾಣುವ ಮೊಡವೆಯಾಗಲು ಸುಮಾರು 8 ವಾರ ಹಿಡಿಯಬಹುದು. ಬಿರಡೆಯ ಬಾಯಿ ತೆರೆದಿದ್ದರೆ ಅದೇ ಬ್ಲ್ಯಾಕ್‌ಹೆಡ್. ಆ ಕಪ್ಪು ಕೊಳೆಯಲ್ಲ, ಗಾಳಿ ತಾಗಿದ ಮೆಲನಿನ್, ಚರ್ಮಕ್ಕೆ ಬಣ್ಣ ಕೊಡುವ ವಸ್ತು. ಅಂದರೆ ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆಯುವುದರಿಂದ ಏನೂ ಆಗದು.

ರೆಟಿನಾಯ್ಡ್ ಕೆಲಸ ಮಾಡುವುದು ಬಿರಡೆ ಕಟ್ಟುವ ಹಂತದಲ್ಲಿ. ಜೀವಕೋಶದ ಕೇಂದ್ರದವರೆಗೆ ಹೋಗಿ, ಅಲ್ಲಿರುವ ರೆಟಿನಾಯಿಕ್ ಆಮ್ಲದ ಗ್ರಾಹಕಗಳಿಗೆ ಅಂಟಿಕೊಂಡು, ಯಾವ ವಂಶವಾಹಿ ಎಷ್ಟು ದುಡಿಯಬೇಕೆಂಬುದನ್ನೇ ಬದಲಿಸುತ್ತದೆ. ಜೀವಕೋಶಗಳು ಅಂಟಿಕೊಳ್ಳದೆ ಉದುರಲು ಕಲಿಯುತ್ತವೆ, ಉರಿಯೂತವೂ ತಗ್ಗುತ್ತದೆ. ಕೋಶಕೇಂದ್ರದ ಚಿತ್ರವನ್ನು ಬೋರ್ಡಿನ ಮೇಲೆ ವರ್ಷ ವರ್ಷವೂ ಬರೆಯುವ ನನಗೆ, ಮೆಡಿಕಲ್ ಶಾಪಿನ ಟ್ಯೂಬೊಂದು ಅಲ್ಲಿಯವರೆಗೂ ಹೋಗುತ್ತದೆ ಎನ್ನುವುದೇ ಸೋಜಿಗ. ಆದರೆ ಇದರ ಇನ್ನೊಂದು ಮುಖವೂ ಇದೆ: ಇವತ್ತು ಹಚ್ಚಿದ ಮುಲಾಮು ಇವತ್ತಿನ ಮೊಡವೆಗಲ್ಲ. ಮುಂದಿನ ಎರಡು ತಿಂಗಳಲ್ಲಿ ಏಳಬೇಕಿದ್ದ ಮೊಡವೆ ಏಳದಿದ್ದರೆ ಅದೇ ಫಲ. ಬಾರದೇ ಹೋದದ್ದನ್ನು ಯಾರು ಎಣಿಸುತ್ತಾರೆ?

ಚೀಟಿಯಲ್ಲಿದ್ದದ್ದು ಇಷ್ಟು: ರಾತ್ರಿ ಅಡಾಪಲೀನ್ 0.1% ಜೆಲ್ (ರೆಟಿನಾಯ್ಡ್ ಎಂದರೆ ಇದೇ), ಬೆಳಿಗ್ಗೆ ಬೆಂಜಾಯಿಲ್ ಪೆರಾಕ್ಸೈಡ್ 2.5%, ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಹೇಗೆ ಹಚ್ಚಬೇಕೆಂದು ಚೀಟಿಯಲ್ಲಿ ಬರೆಯಲು ಜಾಗವಿರಲಿಲ್ಲ. ಈ ಔಷಧಿಯ ಅರ್ಧ ಗುಣ ಹಚ್ಚುವುದರಲ್ಲೇ ಇದೆ ಎಂದು ಈಗ ಖಂಡಿತವಾಗಿ ಹೇಳಬಲ್ಲೆ. ಅದನ್ನು ಆಕೆ ಬಾಯಲ್ಲಿ ಹೇಳಿದರು, ಕೈಯಲ್ಲಿ ಮಾಡಿ ತೋರಿಸಿದರು.

"ಇಡೀ ಮುಖಕ್ಕೆ ಸೇರಿ ಬಟಾಣಿ ಕಾಳಿನಷ್ಟು."

"ಹಸಿ ಬಟಾಣಿಯೋ, ಒಣದೋ ಮೇಡಂ?" ನಿಜವಾಗಿಯೂ ಗೊತ್ತಾಗದೆ ಕೇಳಿದೆ.

ಆಕೆ ಒಂದು ಕ್ಷಣ ನನ್ನ ಮುಖ ನೋಡಿ, "ಒಣದು" ಎಂದರು. ಟೇಬಲ್ಲಿನ ಮೇಲಿದ್ದ ಯಾವುದೋ ಸ್ಯಾಂಪಲ್ ಮಾಯಿಶ್ಚರೈಸರನ್ನು ಬೆರಳ ತುದಿಗೆ ಅಷ್ಟೇ ಹಿಂಡಿಕೊಂಡು, ಹಣೆಗೊಂದು, ಕೆನ್ನೆಗಳಿಗೊಂದೊಂದು, ಮೂಗಿಗೊಂದು, ಗದ್ದಕ್ಕೊಂದು ಚುಕ್ಕೆಯಿಟ್ಟರು. ಚುಕ್ಕೆಯಿಂದ ಹೊರಗೆ ತೆಳ್ಳಗೆ ಸವರಿದರು. ಕಣ್ಣಿನ ಸುತ್ತ, ಮೂಗಿನ ಹೊಳ್ಳೆಯ ಸಂದು, ತುಟಿಯ ಮೂಲೆ, ಈ ಮೂರು ಜಾಗ ಬಿಟ್ಟರು. ಮೊಡವೆ ಇರುವ ಕಡೆ ಮಾತ್ರ ಒತ್ತಿ ಇಡುವುದಲ್ಲ, ಮೊಡವೆ ಬರುವ ಜಾಗಕ್ಕೆಲ್ಲ ಹಚ್ಚಬೇಕು. ಮುಖ ತೊಳೆದ ತಕ್ಷಣ ಬೇಡ, ಒದ್ದೆ ಚರ್ಮ ಹೆಚ್ಚು ಹೀರಿ ಉರಿಸುತ್ತದೆ. ಅರ್ಧ ಗಂಟೆ ಒಣಗಲಿ. ಮೊದಲ ವಾರಗಳಲ್ಲಿ ರಾತ್ರಿ ಬಿಟ್ಟು ರಾತ್ರಿ. "ಜಾಸ್ತಿ ಹಚ್ಚಿದ್ರೆ ಬೇಗ ಹೋಗಲ್ಲ. ಬರೀ ಉರಿ ಜಾಸ್ತಿ ಆಗುತ್ತೆ. ನಮ್ಮ ಬಣ್ಣದ ಚರ್ಮಕ್ಕೆ ಉರಿ ಆದ್ರೆ ಅದೇ ಕಲೆ ಆಗಿ ಕೂರುತ್ತೆ." ಬಿಳಿ ಚರ್ಮದವರಿಗೆ ಕೆಂಪಾಗಿ ಹೋಗುವುದು ನಮಗೆ ಕಪ್ಪಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಪರದೇಶದವರ ವಿಡಿಯೊ ನೋಡಿ ಶೇಕಡಾವಾರು ಏರಿಸಿಕೊಂಡು ಹೋಗುವ ಹುಮ್ಮಸ್ಸು ನಮ್ಮ ಹುಡುಗಿಯರಿಗೆ ಬೇಡವೆಂದೇ ನನ್ನ ಅಭಿಪ್ರಾಯ.

ಮೊದಲ ಕೆಲವು ರಾತ್ರಿ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಮುಖಕ್ಕೆ ಬರೀ ನೀರು ಸೋಕಿದರೂ ಚುರ್ ಎಂದಿತು. ಡಿಸೆಂಬರಿನ ಬಯಲುಸೀಮೆಯ ಒಣಗಾಳಿ ಬೇರೆ. ಬಿಟ್ಟಿದ್ದ ತುಟಿ ಮೂಲೆಗಳಿಗೇ ಮುಲಾಮು ಅದು ಹೇಗೋ ರಾತ್ರಿ ಹರಿದು ಬಂದು ಸೇರುತ್ತಿತ್ತು. ಅಲ್ಲಿ ಚರ್ಮ ಬಿರಿದು, ಆಕಳಿಸಿದರೆ ಸೀಳುತ್ತಿತ್ತು. ಗದ್ದದಿಂದ ಹೊಟ್ಟು ಏಳತೊಡಗಿತು. ಒಂದು ದಿನ ಆರನೇ ಕ್ಲಾಸಿನಿಂದ ಬದಲಿ ಪೀರಿಯಡ್‌ಗೆಂದು ನನ್ನ ಪಾಲಿಗೆ ಬಂದ ಮಗುವೊಂದು ನೋಟ್ಸ್ ತೋರಿಸಲು ಬಂದು, "ಮಿಸ್, ನಿಮ್ಮ ಗಡ್ಡದ ಮೇಲೆ ಸೀಮೆಸುಣ್ಣ" ಎಂದಿತು. ಸೀಮೆಸುಣ್ಣವಾಗಿರಲಿಲ್ಲ. ಹೌದಾ ಪುಟ್ಟಾ ಎಂದು ಒರೆಸಿಕೊಂಡೆ, ಒರೆಸಿದಷ್ಟೂ ಬಂತು.

ದುರ್ಗಕ್ಕೆ ಮತ್ತೆ ಹೋದಾಗ ಡಾಕ್ಟರಮ್ಮನಿಗೆ ಆಶ್ಚರ್ಯವೇನೂ ಆಗಲಿಲ್ಲ. ಚರ್ಮ ಔಷಧಿಗೆ ಒಗ್ಗುವವರೆಗೆ ಹೀಗೇ, ಹೆಚ್ಚಿನವರಿಗೆ ಮೊದಲ ತಿಂಗಳಲ್ಲೇ ಜೋರು ಎಂದರು. ಜೆಲ್ ತೆಗೆದು ಅದೇ ಶೇಕಡಾವಾರಿನ ಕ್ರೀಮ್ ಬರೆದರು. ಜೆಲ್ ಚರ್ಮವನ್ನು ಒಣಗಿಸುವುದು ಹೆಚ್ಚು. ಮಲಗುವ ಮುನ್ನ ತುಟಿ ಮೂಲೆಗೂ ಮೂಗಿನ ಸಂದಿಗೂ ವ್ಯಾಸಲಿನ್ ಹಚ್ಚಿಕೊಳ್ಳಿ, ಮುಲಾಮು ಅಲ್ಲಿಗೆ ದಾಟುವುದಿಲ್ಲ ಎಂದರು. ಮುಲಾಮಿಗೆ ಮೊದಲೊಂದು ಪದರ ಮಾಯಿಶ್ಚರೈಸರ್, ಆಮೇಲೊಂದು ಪದರ. ಇದು ಎಷ್ಟು ಸಣ್ಣ ವಿಷಯ! ಆದರೆ ಅದರಿಂದಲೇ ನಾನು ಮುಲಾಮು ಬಿಡದೆ ಮುಂದುವರಿಸಿದ್ದು. ಈ ಔಷಧಿ ನನಗೆ ಹಿಡಿಸಲಿಲ್ಲ ಎಂದು ಬಿಟ್ಟವರನ್ನು ಆಮೇಲೆ ಎಷ್ಟೋ ಮಂದಿ ನೋಡಿದ್ದೇನೆ. ಬಹುತೇಕರು ಬಿಟ್ಟದ್ದು ಇದೇ ಹಂತದಲ್ಲಿ, ಗುಣ ಕಾಣಲು ಇನ್ನೂ ತಿಂಗಳಿರುವಾಗ.

ಸಂಕ್ರಾಂತಿಯ ಹೊತ್ತಿಗೆ ಮುಖ ಮೊದಲಿಗಿಂತ ಕೆಟ್ಟಿತ್ತು. ಒಳಗಿದ್ದವೆಲ್ಲ ಒಟ್ಟಿಗೇ ಮೇಲೆ ಬಂದ ಹಾಗೆ ಗದ್ದದ ತುಂಬ ಸಣ್ಣ ಗುಳ್ಳೆ. ಇದನ್ನೂ ಡಾಕ್ಟರಮ್ಮ ಮುಂಚೆಯೇ ಹೇಳಿದ್ದರು, ಕೆಲವರಿಗೆ ಹೀಗಾಗುತ್ತದೆ, ನಿಲ್ಲಿಸಬೇಡಿ ಎಂದು. ಆದರೆ ಎಳ್ಳು-ಬೆಲ್ಲ ಹಿಡಿದು ಮನೆಗೆ ಬಂದ ನೆಂಟರಿಗೆ ಅದನ್ನೆಲ್ಲ ಬಿಡಿಸಿ ಹೇಳಲಾದೀತೇ? ಚಿಕ್ಕಮ್ಮ ನನ್ನ ಗದ್ದ ಹಿಡಿದೆತ್ತಿ ಬೆಳಕಿಗೆ ತಿರುಗಿಸಿ, "ಅಯ್ಯೋ ಶಿವನೇ! ಯಾವ ಡಾಕ್ಟರಮ್ಮ ಹಿಂಗೆ ಸುಟ್ಟಿದ್ದು? ಲಗ್ನ ಮುಂದಿಟ್ಕೊಂಡು!" ಎಂದರು. ಮಾರನೆಯ ದಿನವೇ ತಂಗಿಯ ಕೈಲಿ ಒಂದು ಟ್ಯೂಬ್ ಕಳಿಸಿದರು. ಅವಳು ಎರಡು ವರ್ಷದಿಂದ ಹಚ್ಚುತ್ತಿದ್ದದ್ದು ಅದೇ. "ಒಂದು ವಾರ ಅಕ್ಕ, ಹಾಲಿನ ಹಾಗೆ ಆಗ್ತೀಯ" ಎಂದಳು.

ಅವಳ ಮುಖವನ್ನು ನಾನು ಅವತ್ತು ಹತ್ತಿರದಿಂದ ನೋಡಿದೆ. ಮೊದಲಿಗಿಂತ ಬೆಳ್ಳಗಿದ್ದಳು, ನಿಜ. ಆದರೆ ಆ ಬಿಳುಪಿನ ಕೆಳಗೆ ಕೆನ್ನೆ ಸದಾ ಕೆಂಪು, ಕೆಂಪಿನಲ್ಲಿ ದಾರದೆಳೆಯಂಥ ರಕ್ತನಾಳ. ಕಿವಿಯ ಮುಂದಿನಿಂದ ಕೆನ್ನೆಯವರೆಗೆ ನಯವಾದ ಕೂದಲು. ಬಿಸಿಲಿಗೆ ಬಂದರೆ ಉರಿ, ಒಲೆ ಮುಂದೆ ನಿಂತರೆ ಉರಿ. "ಹಚ್ಚೋದು ಬಿಟ್ರೆ?" ಎಂದೆ. "ಬಿಡಕ್ಕಾಗಲ್ಲ ಅಕ್ಕ. ಎರಡು ದಿನ ಬಿಟ್ರೆ ಮುಖ ತುಂಬ ಗುಳ್ಳೆ, ತುರಿಕೆ. ಮತ್ತೆ ಹಚ್ಚಿದ್ರೆ ತಣ್ಣಗಾಗುತ್ತೆ."

ಟ್ಯೂಬಿನ ಹಿಂದೆ ಮೂರು ಹೆಸರು: ಹೈಡ್ರೋಕ್ವಿನೋನ್, ಮೊಮೆಟಾಸೋನ್, ಟ್ರೆಟಿನಾಯಿನ್. ಮೊದಲನೆಯದು ಬಣ್ಣ ತಗ್ಗಿಸುವಂಥದ್ದು, ಎರಡನೆಯದು ಸ್ಟೆರಾಯ್ಡ್, ಮೂರನೆಯದು ನನ್ನ ಅಡಾಪಲೀನಿನ ಅಣ್ಣ. ನನ್ನ ತಂಗಿ ಎರಡು ವರ್ಷದಿಂದ ರೆಟಿನಾಯ್ಡ್ ಹಚ್ಚುತ್ತಿದ್ದಳು, ಅದು ಅವಳಿಗೆ ಗೊತ್ತೇ ಇರಲಿಲ್ಲ! ಸ್ಟೆರಾಯ್ಡ್ ಉರಿಯನ್ನು ಅಡಗಿಸುತ್ತದೆ, ಹಾಗಾಗಿ ನನ್ನ ಹಾಗೆ ಹೊಟ್ಟೂ ಇಲ್ಲ, ಚುರುಚುರು ಇಲ್ಲ, ವಾರದಲ್ಲಿ ಫಳಫಳ. ತಿಂಗಳುಗಟ್ಟಲೆ ಹಚ್ಚಿದರೆ ಅದೇ ಸ್ಟೆರಾಯ್ಡ್ ಚರ್ಮವನ್ನು ತೆಳುವಾಗಿಸಿ, ರಕ್ತನಾಳ ಹಿಗ್ಗಿಸಿ, ಕೂದಲು ಬೆಳೆಸಿ, ಕೊನೆಗೆ ತಾನೇ ಮೊಡವೆ ತರಿಸುತ್ತದೆ. ಚರ್ಮರೋಗ ತಜ್ಞರು ಈ ಮಿಶ್ರಣವನ್ನು ಬಂಗು ಎಂಬ ಮುಖದ ಕಂದು ಮಚ್ಚೆಗೆ ಕೆಲವೇ ವಾರಗಳ ಮಟ್ಟಿಗೆ, ಕಣ್ಣಿಟ್ಟು ಕೊಡುತ್ತಾರೆ. ಅಂಗಡಿಯಲ್ಲಿ ಅದು ಬೆಳ್ಳಗಾಗುವ ಕ್ರೀಮ್.

ಮಜಾ ಎಂದರೆ ಎರಡು ಟ್ಯೂಬಿನ ಮೂಲಪುರುಷರೂ ಒಬ್ಬರೇ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು 1969ರಲ್ಲಿ ಟ್ರೆಟಿನಾಯಿನ್ ಹಚ್ಚಿದರೆ ಮೊಡವೆ ತಗ್ಗುತ್ತದೆ ಎಂದು ಪ್ರಕಟಿಸಿದರು. 1971ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. 1975ರಲ್ಲಿ ಅದೇ ಕ್ಲಿಗ್‌ಮನ್, ಟ್ರೆಟಿನಾಯಿನ್ ಜೊತೆ ಹೈಡ್ರೋಕ್ವಿನೋನನ್ನೂ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡನ್ನೂ ಬೆರೆಸಿ ಬಣ್ಣ ತಗ್ಗಿಸುವ ಸೂತ್ರ ಹೊರತಂದರು. ಇಂದಿನ ಮೂರು ಹೆಸರಿನ ಟ್ಯೂಬುಗಳು ಅದರ ವಂಶದವು. ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಮೇಲೆ, ಅದರಲ್ಲೂ ಹೆಚ್ಚಾಗಿ ಕಪ್ಪುಜನರ ಮೇಲೆ, ಎರಡು ದಶಕಕ್ಕೂ ಹೆಚ್ಚು ಕಾಲ ಚರ್ಮದ ಪ್ರಯೋಗ ನಡೆಸಿದವರೂ ಇವರೇ; ಆ ಪ್ರಯೋಗಗಳಿಗಾಗಿ ಫಿಲಡೆಲ್ಫಿಯಾ ನಗರಾಡಳಿತ 2022ರಲ್ಲಿ ಕ್ಷಮೆ ಕೇಳಿತು. ರಾತ್ರಿ ಟ್ಯೂಬಿನ ಮುಚ್ಚಳ ತೆಗೆಯುವಾಗ ಇದು ಒಮ್ಮೊಮ್ಮೆ ನೆನಪಾಗುತ್ತದೆ.

ಚಿಕ್ಕಮ್ಮನ ಟ್ಯೂಬನ್ನು ನಾನು ಹಚ್ಚಲಿಲ್ಲ. ತಂಗಿಯನ್ನೇ ದುರ್ಗಕ್ಕೆ ಕರೆದುಕೊಂಡು ಹೋದೆ. ಅವಳ ಮುಖ ನೋಡುತ್ತಿದ್ದಂತೆ ಡಾಕ್ಟರಮ್ಮ ಟೇಬಲ್ಲಿನ ಡ್ರಾಯರ್ ಎಳೆದು ಒಂದು ಹಿಡಿ ಖಾಲಿ ಟ್ಯೂಬ್ ತೆಗೆದರು. ಬಂದವರಿಂದ ಇಸಿದುಕೊಂಡದ್ದು, ನಾನಾ ಕಂಪನಿಯವು. "ಇದ್ರಲ್ಲಿ ಯಾವುದು?" ತಂಗಿ ಬೆರಳಿಟ್ಟು ತೋರಿಸಿದಳು. ಸ್ಟೆರಾಯ್ಡ್‌ನಿಂದ ಕೆಟ್ಟ ಮುಖ ಎಂದೇ ಇದಕ್ಕೆ ನಮ್ಮ ದೇಶದ ಚರ್ಮ ತಜ್ಞರು ಬೇರೆ ಹೆಸರಿಟ್ಟಿದ್ದಾರಂತೆ, ಅಷ್ಟು ಜನ ಬರುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಹಲವು ಸ್ಟೆರಾಯ್ಡ್‌ಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಬಿಗಿಯಾಗಿ ತಂದು, ಡಾಕ್ಟರ ಚೀಟಿಯಿಲ್ಲದೆ ಮಾರಬಾರದೆಂದು ಮಾಡಿತು. ಡಬ್ಬಿಯ ಮೇಲಿನ ಕೆಂಪು ಗೆರೆಯ ಅರ್ಥ ಅದೇ. ನಮ್ಮೂರಿನಲ್ಲಿ ಆ ಗೆರೆಯನ್ನು ಅಲಂಕಾರವೆಂದುಕೊಂಡಿದ್ದಾರೆ.

ನನ್ನ ಅಡಾಪಲೀನ್ ಡಬ್ಬಿಯ ಮೇಲೂ ಅದೇ ಗೆರೆ. ಅಮೆರಿಕದಲ್ಲಿ ಮಾತ್ರ 2016ರಿಂದ 0.1% ಅಡಾಪಲೀನ್ ಚೀಟಿಯಿಲ್ಲದೆಯೇ ಸಿಗುತ್ತದೆ. ನ್ಯೂಜೆರ್ಸಿಯಲ್ಲಿರುವ ನನ್ನ ನಾದಿನಿ ಸಾಬೂನು, ಶ್ಯಾಂಪೂ ಜೊತೆಗೆ ಅದನ್ನೂ ಬುಟ್ಟಿಗೆ ಹಾಕಿಕೊಂಡು ಬರುತ್ತಾಳೆ. ಆದರೆ ಅದರ ಜೊತೆ ಎಷ್ಟು ಹಚ್ಚಬೇಕು, ಯಾರು ಹಚ್ಚಬಾರದು, ಎಷ್ಟು ದಿನ ಕಾಯಬೇಕು ಎಂದು ಎಲ್ಲ ಬರೆದಿರುತ್ತದೆ. ಇಲ್ಲಿ ಚೀಟಿ ಬೇಕೆಂಬುದು ಕಾನೂನು, ಚೀಟಿಯಿಲ್ಲದೆ ಕೊಡುವುದು ರೂಢಿ, ಹಚ್ಚುವ ಬಗೆ ಹೇಳುವವರು ಯಾರೂ ಇಲ್ಲ. ಇಲ್ಲಿಯದಕ್ಕಿಂತ ಅಲ್ಲಿಯದೇ ವಾಸಿ ಎನ್ನಬೇಕಾದ ಸ್ಥಿತಿ.

ತಂಗಿಯ ಕಥೆ ಉದ್ದ, ನನ್ನದಕ್ಕಿಂತ ಕಷ್ಟದ್ದು. ಸ್ಟೆರಾಯ್ಡನ್ನು ಬಿಡಿಸುವಾಗ ಅವಳ ಮುಖ ಊದಿಕೊಂಡು ಕಾಲೇಜಿಗೆ ಹೋಗಲಾಗದ ದಿನಗಳಿದ್ದವು. ಅದನ್ನು ಬರೆಯುವುದಿದ್ದರೆ ಅವಳೇ ಬರೆಯಬೇಕು.

ನನ್ನ ಮುಖ ತಿಳಿಯಾಗಿದ್ದು ಹತ್ತನೇ ತರಗತಿಯವರ ಪೂರ್ವಸಿದ್ಧತಾ ಪರೀಕ್ಷೆಯ ಆಸುಪಾಸಿನಲ್ಲಿ. ಯಾವ ದಿನ ಎಂದು ಹೇಳಲಾರೆ. ಪೇಪರ್ ತಿದ್ದುತ್ತಾ ಎಡಗೈಯಲ್ಲಿ ಗದ್ದ ಸವರಿಕೊಳ್ಳುವ ಅಭ್ಯಾಸ ನನಗೆ. ಸವರಿದಾಗ ಸಿಗಬೇಕಿದ್ದ ಗಂಟು ಬೆರಳಿಗೆ ಸಿಗಲಿಲ್ಲ. ಮುಟ್ಟಿನ ವಾರದಲ್ಲಿ ಒಂದೆರಡು ಬಂದವು, ಬೇಗ ಒಣಗಿದವು. ಪುಸ್ತಕದಲ್ಲಿ 8ರಿಂದ 12 ವಾರ ಎಂದಿರುತ್ತದೆ. ನನಗೆ ಆ 12ಕ್ಕಿಂತಲೂ ತುಸು ಹೆಚ್ಚೇ ಹಿಡಿದಿರಬೇಕು.

ಬೆಳಗಿನ ಬೆಂಜಾಯಿಲ್ ಪೆರಾಕ್ಸೈಡ್ ಬಗ್ಗೆ ಹೇಳದಿದ್ದರೆ ನಮ್ಮಮ್ಮ ಕ್ಷಮಿಸುವುದಿಲ್ಲ. ಅದು ಬ್ಯಾಕ್ಟೀರಿಯಾವನ್ನು ಆಮ್ಲಜನಕದಿಂದ ಕೊಲ್ಲುತ್ತದೆ. ಆಂಟಿಬಯಾಟಿಕ್ ಮುಲಾಮಿಗೆ ಒಗ್ಗಿಕೊಳ್ಳುವ ಹಾಗೆ ಬ್ಯಾಕ್ಟೀರಿಯಾ ಇದಕ್ಕೆ ಒಗ್ಗಿಕೊಳ್ಳುವುದಿಲ್ಲ, ಅದೇ ಅದರ ದೊಡ್ಡ ಗುಣ. ಕೊಲ್ಲುವಾಗ ಬಟ್ಟೆಯ ಬಣ್ಣವನ್ನೂ ಕೊಲ್ಲುತ್ತದೆ. ಮೆರೂನ್ ಟವೆಲ್ಲು ಅಲ್ಲಲ್ಲಿ ಕಿತ್ತಳೆಯಾಯಿತು. ಮನೆಯ ದಿಂಬಿನ ಕವರುಗಳೆಲ್ಲ ಮಚ್ಚೆ ಮಚ್ಚೆ. ನೀಲಿ ರವಿಕೆಯೊಂದರ ಕುತ್ತಿಗೆ ಅಂಚು ಮಾಸಿದ್ದನ್ನು ಅಮ್ಮ ಸೋಪಿನ ತಪ್ಪೆಂದು ತಿಳಿದು ಅಂಗಡಿಯವನ ಜೊತೆ ಜಗಳಕ್ಕೇ ಹೊರಟಿದ್ದರು. ಬಿಳಿ ಟವೆಲ್ಲು, ಬಿಳಿ ದಿಂಬಿನ ಕವರು ಕೊಂಡದ್ದು ಆಮೇಲೆ.

ಇನ್ನು ಸನ್‌ಸ್ಕ್ರೀನ್. ಬೆಳಗಿನ ಪ್ರಾರ್ಥನೆಗೆ ನಮ್ಮ ಶಾಲೆಯ ಮೈದಾನದಲ್ಲಿ ಒಂದು ಮರದ ನೆರಳೂ ಇಲ್ಲ. ರೆಟಿನಾಯ್ಡ್ ಹಚ್ಚಿದ ಚರ್ಮಕ್ಕೆ ಬಿಸಿಲು ಬೇಗ ತಾಗುತ್ತದೆ, ಕಲೆಗಳು ಬಿಸಿಲಿಗೆ ಗಾಢವಾಗುತ್ತವೆ. ತೋರುಬೆರಳು, ಮಧ್ಯದ ಬೆರಳು, ಇವೆರಡರ ಉದ್ದಕ್ಕೂ ಹಿಂಡಿದಷ್ಟು ಮುಖಕ್ಕೂ ಕತ್ತಿಗೂ ಬೇಕು. ಮುಲಾಮಿಗೆ ಒಣ ಬಟಾಣಿ, ಇದಕ್ಕೆ ಎರಡು ಬೆರಳು. ನಮ್ಮ ಜನ ಸಾಮಾನ್ಯವಾಗಿ ಇದನ್ನು ತಿರುಗುಮುರುಗು ಮಾಡುತ್ತಾರೆ. ಮೊದಲು ತಂದದ್ದು ಜಿಂಕ್ ಆಕ್ಸೈಡಿನದು, ಅಷ್ಟು ಹಚ್ಚಿದರೆ ನನ್ನ ಬಣ್ಣಕ್ಕೆ ಬೂದು ಬೂದು ಕಾಣುತ್ತಿತ್ತು. "ಏನ್ ಮೇಡಂ, ಇವತ್ತು ಪೌಡರ್ ಜೋರು" ಎಂದರು ಪಿಟಿ ಮೇಷ್ಟ್ರು. ಆಮೇಲೆ ಐರನ್ ಆಕ್ಸೈಡ್ ಸೇರಿದ, ಮೈಬಣ್ಣದ ಒಂದು ಸಿಕ್ಕಿತು. ಅದು ಕಾಣಿಸುವ ಬೆಳಕನ್ನೂ ತಡೆಯುತ್ತದೆ. ಕಪ್ಪು ಕಲೆ ಬೀಳುವ ಚರ್ಮದವರಿಗೆ ಅದರಿಂದ ಹೆಚ್ಚು ಉಪಯೋಗ.

ಮದುವೆ ಹತ್ತಿರ ಬಂದಾಗ ಬ್ಯೂಟಿ ಪಾರ್ಲರಿನ ಅಕ್ಕ ಮೇಲ್ತುಟಿಗೆ ವ್ಯಾಕ್ಸ್ ಮಾಡಲು ಒಪ್ಪಲೇ ಇಲ್ಲ. ಗದ್ದದ ಚರ್ಮ ನೋಡಿದ್ದೇ, "ರಾತ್ರಿ ಏನ್ ಹಚ್ತೀರ?" ಎಂದು ಕೇಳಿ, ಹೆಸರು ಹೇಳಿದ ಮೇಲೆ ವ್ಯಾಕ್ಸ್ ಡಬ್ಬಿಯನ್ನು ಆಚೆ ಸರಿಸಿದರು. "ಸಿಪ್ಪೆ ಸಮೇತ ಬರ್ತದಮ್ಮ. ದಾರದಲ್ಲೇ ಮಾಡಾಣ, ಅದೂ ನೀನು ಒಂದು ವಾರ ಬಿಟ್ಟು ಬಾ." ಯಾರಿಂದ ಕಲಿತಿದ್ದರೋ, ಸರಿಯಾಗಿಯೇ ಕಲಿತಿದ್ದರು. ಅರಿಶಿನ ಎಣ್ಣೆ ಶಾಸ್ತ್ರಕ್ಕೂ ಹಾಗೆಯೇ ಮುಲಾಮು ನಿಲ್ಲಿಸಿದ್ದೆ. ನಿಂಬೆರಸ ಬೆರೆಸಬೇಡಿ ಎಂದು ಸೋದರತ್ತೆಯರಿಗೆ ಮೊದಲೇ ಹೇಳಿಟ್ಟಿದ್ದೆ. ಅವರು ಮುಖಕ್ಕೆ ಒಂದು ಬೊಟ್ಟಿಟ್ಟು, ಉಳಿದದ್ದನ್ನೆಲ್ಲ ಕೈಕಾಲಿಗೆ ಬಳಿದು ಸೇಡು ತೀರಿಸಿಕೊಂಡರು.

ಮದುವೆಯ ಹೊತ್ತಿಗೆ ಹೊಸ ಮೊಡವೆ ಇರಲಿಲ್ಲ, ಹಳೆಯ ಕಲೆಗಳಿದ್ದವು. ಮೇಕಪ್ಪಿನವರು ಮುಚ್ಚಿದರು, ಮೇ ತಿಂಗಳ ಸೆಕೆ ಅದನ್ನು ಧಾರೆಯ ಹೊತ್ತಿಗೇ ಇಳಿಸಿತು. ಚಿಕ್ಕಮ್ಮ ಹತ್ತಿರ ಬಂದು ಗದ್ದ ಎತ್ತಿ ನೋಡಿ, "ಪರವಾಗಿಲ್ಲ, ಉಷ್ಣ ಇಳಿದಿದೆ" ಎಂದರು.

ಕಲೆಗಳಿಗಾಗಿ ಆಮೇಲೆ ಡಾಕ್ಟರಮ್ಮ ಅಡಾಪಲೀನ್ ಬದಲು ಟ್ರೆಟಿನಾಯಿನ್ 0.025% ಕೊಟ್ಟರು. ಕಲೆಗೆ ಅದರ ಮೇಲೆ ಅವರಿಗೆ ಹೆಚ್ಚು ನಂಬಿಕೆ. ಅಡಾಪಲೀನಿನಷ್ಟು ಗಟ್ಟಿ ಜೀವ ಇದರದ್ದಲ್ಲ. ಬೆಳಕಿಗೆ ಕೆಡುತ್ತದೆ, ಬೆಂಜಾಯಿಲ್ ಪೆರಾಕ್ಸೈಡ್ ಜೊತೆ ಸೇರಿದರೂ ಕೆಡುತ್ತದೆ. ಒಂದು ರಾತ್ರಿಗೆ, ಇನ್ನೊಂದು ಬೆಳಿಗ್ಗೆಗೆ ಎಂದು ದೂರ ಇಡಲೇಬೇಕು. ಮತ್ತೆ ಮೊದಲಿನಿಂದ ಚುರುಚುರು, ಮತ್ತೆ ವ್ಯಾಸಲಿನ್. ಈ ಸಲ ದಾರಿ ಗೊತ್ತಿತ್ತು, ಅಷ್ಟೇ. ಕಂದು ಕಲೆಗಳು ಮಾಸಿದವು. ಕೆನ್ನೆಯ ಮೇಲಿನ ಎರಡು ಗುಳಿಗಳು ಮಾತ್ರ ಹಾಗೇ ಇವೆ. ಮುಲಾಮಿನಿಂದ ಗುಳಿ ತುಂಬುವುದಿಲ್ಲ ಎಂದು ಅವರು ಮೊದಲ ದಿನವೇ ಹೇಳಿದ್ದರು.

ಈಚೆಗೆ ಎಲ್ಲ ರೆಟಿನಾಯ್ಡನ್ನೂ ನಿಲ್ಲಿಸಿದ್ದೇನೆ. ಮನೆಯಲ್ಲಿ ಮಗುವಿನ ಮಾತು ಶುರುವಾಗಿದೆ, ದುರ್ಗಕ್ಕೆ ಹೋಗಿ ಹೇಳಿ ಬಂದೆ. ಬದಲಿಗೆ ಅಜೆಲಾಯಿಕ್ ಆಸಿಡ್ ಬರೆದುಕೊಟ್ಟಿದ್ದಾರೆ, ಬಸುರಿಯಲ್ಲೂ ಹಚ್ಚಬಹುದಾದದ್ದು. ಇದು ಉರಿಸುವುದಿಲ್ಲ, ಹಚ್ಚಿದ ಮೇಲೆ ಒಂದೈದು ನಿಮಿಷ ಇರುವೆ ಹರಿದಂತೆ ತುರಿಸುತ್ತದೆ. ಮುಟ್ಟಿನ ವಾರದಲ್ಲಿ ಗದ್ದದಲ್ಲಿ ಮತ್ತೆ ಒಂದೊಂದು ಏಳತೊಡಗಿವೆ. ಅಮ್ಮ ಜಾಯಿಕಾಯಿ ಡಬ್ಬಿ ಹುಡುಕುತ್ತಿದ್ದಾರೆ.